ಕ್ರೂಸ್ ಹಡಗಿನ ಊಟ, ಮನರಂಜನೆ, ಸೇವೆ: ಹಲವು ಬಾರಿ ಹೋಗಿ ಬಂದವರು ನೋಡುವುದೇ ಬೇರೆ

ಕ್ರೂಸ್ ಪ್ರವಾಸದ ಜಾಹೀರಾತಿನಲ್ಲಿ ನೀಲಿ ಸಮುದ್ರ, ಬಿಳಿ ಹಡಗು, ಈಜುಕೊಳದ ಪಕ್ಕದಲ್ಲಿ ಕಾಲು ಚಾಚಿ ಕುಳಿತ ದಂಪತಿ ಇರುತ್ತಾರೆ. ಕೆಳಗೆ 'ಊಟ, ವಸತಿ, ಮನರಂಜನೆ ಎಲ್ಲವೂ ಸೇರಿ' ಎಂಬ ಸಾಲು. ಮೊದಲ ಬಾರಿ ಹೋಗುವವರು ಆ ಸಾಲನ್ನು ನಂಬಿ ಹಡಗು ಹತ್ತುತ್ತಾರೆ. ಐದಾರು ಬಾರಿ ಹೋಗಿ ಬಂದವರು 'ಎಲ್ಲವೂ' ಎಂಬ ಪದದ ಮೇಲೆ ಬೆರಳಿಟ್ಟು, ಏನು ಸೇರಿದೆ, ಏನು ಸೇರಿಲ್ಲ ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಹೊಸಬರಿಗೂ ಹಳಬರಿಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. ನಿವೃತ್ತಿಯ ಹಣದಲ್ಲಿ ಜೀವನಕ್ಕೊಂದು ಬಾರಿ ಹೋಗಿ ಬರೋಣ ಎಂದು ಹೊರಡುವ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಭಾರತದ ಊರುಗಳಿಗೆ ಈ ಪ್ರವಾಸ ಈಗ ದೂರದ್ದಾಗಿ ಉಳಿದಿಲ್ಲ. ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಓಡಾಡತೊಡಗಿತು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳುತ್ತದೆ. 2022ರ ಜೂನ್‌ನಲ್ಲಿ ಅದೇ ಹಡಗು ಚೆನ್ನೈಗೆ ಬಂದು ಪೂರ್ವ ಕರಾವಳಿಯಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ಚಾಲನೆ ಕೊಟ್ಟ 'ಕ್ರೂಸ್ ಭಾರತ್ ಮಿಷನ್' 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ದುಪ್ಪಟ್ಟು ಮಾಡುವ ಗುರಿ ಇಟ್ಟುಕೊಂಡಿದೆ. ಬಲ್ಲಾರ್ಡ್ ಪಿಯರ್‌ನ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಇನ್ನು ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಮೂರು ನಾಲ್ಕು ರಾತ್ರಿಯ ಕ್ರೂಸ್ ಮಾಡಿ ಬರುವುದು ಬೆಂಗಳೂರು, ಚೆನ್ನೈ, ಹೈದರಾಬಾದ್‌ನ ಟ್ರಾವೆಲ್ ಏಜೆಂಟರ ಬಳಿ ಸಿದ್ಧ ಪ್ಯಾಕೇಜ್. ಹೀಗೆ ಹೋಗುವವರು ಸಿಂಗಾಪುರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಇದೆಯೇ ಎಂದು ನೋಡಿಕೊಳ್ಳಬೇಕು. ಹಡಗು ಹತ್ತಿದರೆ ದೇಶ ಬಿಟ್ಟಂತೆ, ಮರಳಿ ಇಳಿದರೆ ಮತ್ತೆ ಪ್ರವೇಶಿಸಿದಂತೆ.

ಮುಂಬೈಯ ಕರಾವಳಿ ಮೂಲದ ಕನ್ನಡಿಗರ, ತುಳುವರ ಹಿಂದಿನ ತಲೆಮಾರಿನ ಅನೇಕರು ಮಂಗಳೂರು ಕಡೆಯಿಂದ ಸ್ಟೀಮರ್ ಹತ್ತಿ ಈ ನಗರಕ್ಕೆ ಬಂದವರು. ಅವರಿಗೆ ಹಡಗು ಎಂದರೆ ದುಡಿಮೆಗೆ ಹೋಗುವ ದಾರಿ. ಅವರ ಮೊಮ್ಮಕ್ಕಳು ಈಗ ಅದೇ ಸಮುದ್ರದಲ್ಲಿ ರಜೆ ಕಳೆಯಲು ಹೋಗುತ್ತಿದ್ದಾರೆ.

ಮೊದಲು ಎರಡು ಲೆಕ್ಕ

ಪದೇ ಪದೇ ಕ್ರೂಸ್‌ಗೆ ಹೋಗುವವರು ಹಡಗಿನ ಫೋಟೋಗಿಂತ ಮೊದಲು ಎರಡು ಅಂಕಿಗಳನ್ನು ನೋಡುತ್ತಾರೆ. ಒಂದು, ಪ್ರಯಾಣಿಕರೊಬ್ಬರಿಗೆ ಎಷ್ಟು ಜಾಗ ಎಂಬುದು. ಇನ್ನೊಂದು, ಎಷ್ಟು ಪ್ರಯಾಣಿಕರಿಗೆ ಒಬ್ಬ ಸಿಬ್ಬಂದಿ ಎಂಬುದು. ಹಡಗಿನ ಗಾತ್ರವನ್ನು 'ಗ್ರಾಸ್ ಟನೇಜ್'ನಲ್ಲಿ ಹೇಳುತ್ತಾರೆ. ಟನ್ ಎಂದ ಕೂಡಲೇ ತೂಕ ಎಂದುಕೊಳ್ಳಬಾರದು. ಇದು ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರ ಪಾಲಿನ ಜಾಗದ ಅಂದಾಜು ಸಿಗುತ್ತದೆ.

ಉದಾಹರಣೆಗೆ ಎಂಪ್ರೆಸ್ ಹಡಗನ್ನೇ ತೆಗೆದುಕೊಳ್ಳಬಹುದು. 1990ರಲ್ಲಿ ಫ್ರಾನ್ಸ್‌ನಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ಕಟ್ಟಿದ ಹಡಗು ಇದು, ಮೂರು ನಾಲ್ಕು ರಾತ್ರಿಯ ಚಿಕ್ಕ ಪ್ರವಾಸಗಳಿಗೆಂದೇ ರೂಪಿಸಿದ್ದು. ಗಾತ್ರ ಸುಮಾರು 48,500 ಟನ್, ಕ್ಯಾಬಿನ್‌ಗಳು ಸುಮಾರು 800. ಒಂದು ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೆ ಒಬ್ಬರ ಪಾಲಿಗೆ ಬರುವುದು ಸುಮಾರು 30. 2024ರ ಜನವರಿಯಲ್ಲಿ ಸಂಚಾರ ಆರಂಭಿಸಿದ ರಾಯಲ್ ಕೆರಿಬಿಯನ್‌ನ 'ಐಕಾನ್ ಆಫ್ ದಿ ಸೀಸ್' 2,48,663 ಟನ್‌ನ ದೈತ್ಯ. ಅದೇ ಲೆಕ್ಕದಲ್ಲಿ 5,610 ಪ್ರಯಾಣಿಕರು, ಅಂದರೆ ಒಬ್ಬರಿಗೆ ಸುಮಾರು 44. ಗಾತ್ರದಲ್ಲಿ ಎಂಪ್ರೆಸ್‌ಗಿಂತ ತುಸುವೇ ದೊಡ್ಡದಾದ 'ಸೆವೆನ್ ಸೀಸ್ ಎಕ್ಸ್‌ಪ್ಲೋರರ್' ಎಂಬ ದುಬಾರಿ ಹಡಗು ಸುಮಾರು 750 ಜನರನ್ನು ಮಾತ್ರ ಹತ್ತಿಸಿಕೊಳ್ಳುತ್ತದೆ. ಅಲ್ಲಿ ಒಬ್ಬರ ಪಾಲು 70 ದಾಟುತ್ತದೆ. ಬಫೆಯಲ್ಲಿ ಸಾಲು ಎಷ್ಟು ಉದ್ದ, ಲಿಫ್ಟ್‌ಗೆ ಎಷ್ಟು ಹೊತ್ತು ಕಾಯಬೇಕು, ಡೆಕ್ ಮೇಲೆ ಬೆಳಿಗ್ಗೆ ಹತ್ತಕ್ಕೆ ಕುರ್ಚಿ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಈ ಅಂಕಿಯಲ್ಲಿ ಬಹುಮಟ್ಟಿಗೆ ಅಡಗಿರುತ್ತದೆ.

ಸಿಬ್ಬಂದಿಯ ಲೆಕ್ಕವೂ ಹೀಗೆಯೇ. ಐಕಾನ್‌ನಲ್ಲಿ ಸುಮಾರು 2,350 ಸಿಬ್ಬಂದಿ. ಎರಡೂವರೆ ಪ್ರಯಾಣಿಕರಿಗೆ ಒಬ್ಬರು ಎಂದಿಟ್ಟುಕೊಳ್ಳಿ. ಎಕ್ಸ್‌ಪ್ಲೋರರ್‌ನಲ್ಲಿ ಮೂವರು ಪ್ರಯಾಣಿಕರಿಗೆ ಇಬ್ಬರು ಸಿಬ್ಬಂದಿಗಿಂತಲೂ ಹೆಚ್ಚು. ಚಹಾ ಕೇಳಿದ ಮೇಲೆ ಬರಲು ತಗಲುವ ಸಮಯದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಹಳೆಯ ಹಡಗು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಕ್ಯಾಬಿನ್ ಚಿಕ್ಕದು, ಬಾಲ್ಕನಿ ಕಡಿಮೆ, ಆದರೆ ದಾರಿ ತಪ್ಪುವಷ್ಟು ದೊಡ್ಡದಲ್ಲ. ವಯಸ್ಸಾದವರಿಗೆ ಇದೇ ಅನುಕೂಲ ಎನ್ನುವವರೂ ಇದ್ದಾರೆ.

ಊಟದ ಮನೆಯ ಒಳಗುಟ್ಟು

ದೊಡ್ಡ ಹಡಗಿನಲ್ಲಿ ಊಟಕ್ಕೆ ಮೂರು ದಾರಿ. ಮೇಲಿನ ಡೆಕ್‌ನಲ್ಲಿ ಬಫೆ, ಕೆಳಗೆ ಮುಖ್ಯ ಡೈನಿಂಗ್ ರೂಮ್, ಇವೆರಡೂ ಟಿಕೆಟ್ ದರದಲ್ಲಿ ಸೇರಿವೆ. ಮೂರನೆಯದು ಪ್ರತ್ಯೇಕ ಹಣ ಕೊಟ್ಟು ಹೋಗುವ ರೆಸ್ಟೋರೆಂಟ್‌ಗಳು: ಇಟಾಲಿಯನ್, ಜಪಾನಿ, ಸ್ಟೇಕ್ ಹೌಸ್ ಇತ್ಯಾದಿ. ಹಣ ಕೊಡುವ ರೆಸ್ಟೋರೆಂಟ್‌ಗಳ ಸಂಖ್ಯೆ ಹೊಸ ಹಡಗುಗಳಲ್ಲಿ ಬೆಳೆಯುತ್ತಾ ಹೋಗಿದೆ. ಪುಕ್ಕಟೆ ಊಟದ ಗುಣಮಟ್ಟ ಅದೇ ವೇಗದಲ್ಲಿ ಇಳಿಯುತ್ತಿದೆ ಎಂಬುದು ಹಳೆಯ ಪ್ರಯಾಣಿಕರ ದೂರು. ಇದರಲ್ಲಿ ಸ್ವಲ್ಪ ಹಳೆಯ ಕಾಲದ ಹಂಬಲವೂ ಬೆರೆತಿರಬಹುದು. ಆದರೆ ಒಮ್ಮೆ ಉಚಿತವಾಗಿದ್ದ ಕೆಲವು ಸೌಲಭ್ಯಗಳಿಗೆ ಬೆಲೆ ಬಂದಿರುವುದು ನಿಜ. ಕ್ಯಾಬಿನ್‌ಗೇ ಊಟ ತರಿಸಿಕೊಳ್ಳಲು ರಾಯಲ್ ಕೆರಿಬಿಯನ್ 2017ರಿಂದ ಪ್ರತಿ ಆರ್ಡರಿಗೆ 7.95 ಡಾಲರ್ ಶುಲ್ಕ ಹಾಕಿತು. ಸರಳ ಬೆಳಗಿನ ಉಪಾಹಾರ ಮಾತ್ರ ಅದರಿಂದ ಹೊರಗುಳಿಯಿತು.

ಮುಖ್ಯ ಡೈನಿಂಗ್ ರೂಮಿನಲ್ಲಿ ರಾತ್ರಿಯೂಟಕ್ಕೆ ಹಿಂದಿನಿಂದಲೂ ಎರಡು ಪಂಕ್ತಿ. ಮೊದಲನೆಯದು ಸಂಜೆ ಆರರ ಸುಮಾರಿಗೆ, ಎರಡನೆಯದು ಎಂಟೂವರೆಯ ಆಸುಪಾಸು. ದಿನವೂ ಅದೇ ಮೇಜು, ಅದೇ ವೇಟರ್. ನಾರ್ವೇಜಿಯನ್ ಕ್ರೂಸ್ ಲೈನ್ 2000ದಲ್ಲಿ ಈ ಪದ್ಧತಿ ಮುರಿದು, ಬೇಕಾದಾಗ ಬೇಕಾದಲ್ಲಿ ಉಣ್ಣುವ 'ಫ್ರೀಸ್ಟೈಲ್' ವ್ಯವಸ್ಥೆ ತಂದಿತು. ಬಳಿಕ ಉಳಿದ ಕಂಪನಿಗಳೂ ಇಂಥ ಆಯ್ಕೆಯನ್ನು ಕೊಡತೊಡಗಿದವು. ಹೊಸಬರು ಸಾಮಾನ್ಯವಾಗಿ ಸ್ವಾತಂತ್ರ್ಯ ಇರಲಿ ಎಂದು ಎರಡನೆಯದನ್ನು ಆರಿಸುತ್ತಾರೆ. ಹಳಬರಲ್ಲಿ ಅನೇಕರು ಈಗಲೂ ನಿಗದಿತ ಮೇಜನ್ನೇ ಕೇಳುತ್ತಾರೆ, ಅದರಲ್ಲೂ ಸಸ್ಯಾಹಾರಿಗಳು. ಮೊದಲ ರಾತ್ರಿ ಬೆಳ್ಳುಳ್ಳಿ ಬೇಡ, ಮೊಟ್ಟೆ ಬೇಡ ಎಂದದ್ದನ್ನು ನೆನಪಿಟ್ಟುಕೊಂಡ ವೇಟರ್ ಎರಡನೇ ರಾತ್ರಿ ತಾನಾಗಿಯೇ ಸೂಪ್‌ನಲ್ಲಿ ಕೋಳಿಯ ಸಾರವಿದೆ, ಇದು ನಿಮಗಲ್ಲ ಎಂದು ಹೇಳುತ್ತಾನೆ. ದಿನಕ್ಕೊಬ್ಬ ವೇಟರ್ ಆದರೆ ಇದೇ ವಿವರಣೆಯನ್ನು ಏಳು ರಾತ್ರಿ ಕೊಡಬೇಕು. 'ವೆಜಿಟೇರಿಯನ್' ಎಂಬ ಪದಕ್ಕೆ ಎಲ್ಲ ದೇಶಗಳಲ್ಲೂ ಒಂದೇ ಅರ್ಥವಿಲ್ಲ. ಮೀನು ಸೇರಿಸಿಕೊಳ್ಳುವವರಿದ್ದಾರೆ, ಮಾಂಸದ ತುಂಡು ತೆಗೆದರೆ ಸಾಕು ಎಂದುಕೊಳ್ಳುವವರೂ ಇದ್ದಾರೆ.

ವಿದೇಶಿ ಕಂಪನಿಗಳ ಹಡಗಿನಲ್ಲಿ ಭಾರತೀಯ ಊಟ ಸಿಗುವುದಿಲ್ಲ ಎಂಬ ಭಯ ಈಗ ಅಷ್ಟಾಗಿ ಬೇಕಿಲ್ಲ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತೀಯ ಬಾಣಸಿಗರು ಇದ್ದೇ ಇರುತ್ತಾರೆ. ಕೇಳಿದರೆ ದಾಲ್, ಅನ್ನ, ಪಲ್ಯ ಮಾಡಿಕೊಡುವುದು ಅಲ್ಲಿ ಹೊಸ ಸಂಗತಿಯಲ್ಲ. ಆದರೆ ಕೇಳುವ ಕ್ರಮವಿದೆ. ಹಸಿವಾದಾಗ ಹೋಗಿ ಕೇಳಿದರೆ ಸಿಗದು. ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದರೆ ಮರುದಿನದ ತಯಾರಿಯಲ್ಲಿ ಸೇರುತ್ತದೆ. ಜೈನ ಊಟ, ಅಲರ್ಜಿ, ಮಧುಮೇಹದ ಪಥ್ಯ ಇವನ್ನು ಟಿಕೆಟ್ ಕಾಯ್ದಿರಿಸುವಾಗಲೇ ಬರೆದುಕೊಡಬೇಕು. ಕಾರ್ಡೀಲಿಯಾದಲ್ಲಿ ಸಸ್ಯಾಹಾರ, ಜೈನ ಊಟ ಮಾಮೂಲಿ ಮೆನುವಿನ ಭಾಗ. ಸಿಂಗಾಪುರದ ಗೆಂಟಿಂಗ್ ಡ್ರೀಮ್ ಕೂಡ ಭಾರತೀಯ ಸಸ್ಯಾಹಾರಿಗಳನ್ನು ಕಣ್ಣಮುಂದಿಟ್ಟುಕೊಂಡೇ ಅಡುಗೆ ಮಾಡುತ್ತದೆ. ಸೆಳೆತವೇ ಅದು.

ಹಡಗಿನ ಚಪಾತಿ ಮನೆಯಂತಿಲ್ಲ ಎಂಬ ಗೊಣಗಾಟಕ್ಕೆ ಮಾತ್ರ ಅಡುಗೆಯವರು ಹೊಣೆಯಲ್ಲ. ಹಡಗಿನ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇರುವುದಿಲ್ಲ. ಸಮುದ್ರದ ಮಧ್ಯೆ ಬೆಂಕಿಯಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲವಾದ್ದರಿಂದ ಎಲ್ಲವೂ ವಿದ್ಯುತ್ ಒಲೆಗಳು. ಕೆಂಡದ ಮೇಲೆ ಉಬ್ಬಿದ ಫುಲ್ಕಾ, ಉರಿಯ ಮೇಲೆ ಸುಟ್ಟ ಬದನೆಕಾಯಿಯ ರುಚಿ ಅಲ್ಲಿ ಬರುವುದು ಕಷ್ಟ. ಇದೇ ಕಾರಣಕ್ಕೆ ಪ್ರಯಾಣಿಕರು ಇಸ್ತ್ರಿ ಪೆಟ್ಟಿಗೆ, ಮೇಣದ ಬತ್ತಿ, ಇಂಡಕ್ಷನ್ ಒಲೆ ತರುವಂತಿಲ್ಲ; ಊದುಬತ್ತಿ ಹಚ್ಚುವ ಯೋಚನೆಯನ್ನೂ ಮನೆಯಲ್ಲೇ ಬಿಟ್ಟು ಬರಬೇಕು. ಕಾರ್ಖಾನೆಯಲ್ಲಿ ಸೀಲ್ ಮಾಡಿದ ಚಟ್ನಿಪುಡಿ, ತಿಂಡಿ ಪೊಟ್ಟಣಗಳಿಗೆ ಹೆಚ್ಚಿನ ಕಂಪನಿಗಳ ಆಕ್ಷೇಪವಿಲ್ಲ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ ಪುಳಿಯೋಗರೆಯನ್ನು ತಪಾಸಣೆಯಲ್ಲಿ ತೆಗೆದಿಡುವ ಸಾಧ್ಯತೆಯೇ ಹೆಚ್ಚು. ಹಾಗೆಯೇ ಹಡಗಿನ ಬಫೆಯಿಂದ ಹಣ್ಣನ್ನು ಬ್ಯಾಗಿಗೆ ಹಾಕಿಕೊಂಡು ಬಂದರಿನಲ್ಲಿ ಇಳಿಯಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳು ಒಂದು ಸೇಬಿಗೂ ದಂಡ ಹಾಕುತ್ತವೆ.

ಕುಡಿಯುವ ನೀರಿನ ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಆವಿಯಾಗಿಸಿ ಅಥವಾ ಆರ್‌ಒ ವಿಧಾನದಲ್ಲಿ ಸಿಹಿನೀರು ಮಾಡಿಕೊಳ್ಳುತ್ತವೆ. ಅದು ಕುಡಿಯಲು ಯೋಗ್ಯ. ಬಾಟಲಿ ನೀರಿಗೆ ಮಾತ್ರ ಬೇರೆ ಬಿಲ್. ಖಾಲಿ ಬಾಟಲಿ ಹಿಡಿದುಕೊಂಡು ಬಫೆಯ ನಲ್ಲಿಯ ಬಳಿ ನಿಂತವರನ್ನು ಕಂಡರೆ ಅವರು ಹಳೆಯ ಪ್ರಯಾಣಿಕರು ಎಂದು ತಿಳಿಯಬಹುದು.

ಮದ್ಯದ ಪ್ಯಾಕೇಜ್‌ನಲ್ಲಿ ಇನ್ನೊಂದು ಗುಟ್ಟಿದೆ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ಕಂಪನಿಗಳಲ್ಲಿ ಒಂದು ಕ್ಯಾಬಿನ್‌ನ ಒಬ್ಬರು ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕು ಎಂಬ ನಿಯಮವಿದೆ. ಒಬ್ಬರ ಪ್ಯಾಕೇಜ್‌ನಲ್ಲಿ ಇಬ್ಬರು ಕುಡಿಯಬಾರದು ಎಂಬುದು ಉದ್ದೇಶ. ಗಂಡ ಕುಡಿಯುವವನು, ಹೆಂಡತಿ ನಿಂಬೆ ಶರಬತ್ತಿಗೆ ಸೀಮಿತಳು ಎಂಬ ಭಾರತೀಯ ದಂಪತಿಗೆ ಇದು ದೊಡ್ಡ ನಷ್ಟ. ಬಿಡಿಬಿಡಿಯಾಗಿ ಕೊಂಡರೆ ಪ್ರತಿ ಗ್ಲಾಸಿಗೆ ಶೇ 18ರಿಂದ 20ರಷ್ಟು ಸೇವಾ ಶುಲ್ಕ ತಾನಾಗಿಯೇ ಸೇರುತ್ತದೆ. ಆದರೂ ದಿನಕ್ಕೆ ಒಂದೆರಡು ಗ್ಲಾಸ್ ಮುಗಿಸುವವರಿಗೆ ಬಿಡಿಯೇ ಅಗ್ಗ.

ಬಫೆಯ ಬಾಗಿಲಲ್ಲಿ ಸೋಪು

ಸಾವಿರಾರು ಜನ ಒಂದೇ ಚಮಚ ಹಿಡಿದು ಬಡಿಸಿಕೊಳ್ಳುವ ಜಾಗದಲ್ಲಿ ಹೊಟ್ಟೆ ಕೆಡಿಸುವ ನೋರೋವೈರಸ್ ಹರಡುವುದು ಸುಲಭ. ಹಡಗಿನ ಬಗ್ಗೆ ಕೇಳಿಬರುವ ವಾಂತಿ ಭೇದಿಯ ಸುದ್ದಿಗಳ ಹಿಂದೆ ಬಹುತೇಕ ಇದೇ ವೈರಸ್ ಇರುತ್ತದೆ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಈ ವೈರಸ್ ಮೇಲೆ ಅಷ್ಟು ಪರಿಣಾಮಕಾರಿಯಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆಯಬೇಕು. ಹೊಸ ಹಡಗುಗಳಲ್ಲಿ ಬಫೆಯ ಪ್ರವೇಶದಲ್ಲೇ ಸಾಲಾಗಿ ಕೈತೊಳೆಯುವ ಬೇಸಿನ್ ಇಟ್ಟಿರುವುದು ಇದಕ್ಕೇ.

ಅಮೆರಿಕದ ಬಂದರುಗಳಿಗೆ ಬರುವ ವಿದೇಶ ಸಂಚಾರದ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 1970ರ ದಶಕದಿಂದಲೂ ತಪಾಸಣೆ ಮಾಡುತ್ತಿದೆ. ಮುನ್ಸೂಚನೆ ಇಲ್ಲದೆ ಬಂದು ಅಡುಗೆಮನೆ, ನೀರಿನ ಟ್ಯಾಂಕ್, ಈಜುಕೊಳ ನೋಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ಅನುತ್ತೀರ್ಣ. ಅಂಕಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಅಲ್ಲಿನ ಅನುಭವಿ ಪ್ರಯಾಣಿಕರು ಹಡಗು ಆರಿಸುವ ಮೊದಲು ಈ ಅಂಕಪಟ್ಟಿ ನೋಡುತ್ತಾರೆ. ಭಾರತದಿಂದ ಹೊರಡುವ ಹಡಗುಗಳಿಗೂ ಇಂಥದ್ದೊಂದು ಬಹಿರಂಗ ಅಂಕಪಟ್ಟಿ ಇದ್ದಿದ್ದರೆ ಪ್ರಯಾಣಿಕರಿಗೆ ಮೆನು ಕಾರ್ಡಿಗಿಂತ ಹೆಚ್ಚು ಉಪಯೋಗವಾಗುತ್ತಿತ್ತು.

ರಂಗಮಂದಿರಕ್ಕೂ ಊಟಕ್ಕೂ ನಂಟು

ಮನರಂಜನೆಯ ವ್ಯವಸ್ಥೆ ಊಟದ ಪಂಕ್ತಿಗೆ ಅಂಟಿಕೊಂಡೇ ಇದೆ. ಹಡಗಿನ ರಂಗಮಂದಿರದಲ್ಲಿ ಎಲ್ಲ ಪ್ರಯಾಣಿಕರಿಗೂ ಒಮ್ಮೆಗೇ ಆಸನವಿರುವುದಿಲ್ಲ. ಅದಕ್ಕೇ ಒಂದು ಸಂಜೆ ಒಂದೇ ಪ್ರದರ್ಶನವನ್ನು ಎರಡು ಬಾರಿ ಮಾಡುತ್ತಾರೆ. ಮೊದಲ ಪಂಕ್ತಿಯವರು ಉಣ್ಣುವಾಗ ಎರಡನೆಯವರು ನಾಟಕ ನೋಡುತ್ತಾರೆ, ಆಮೇಲೆ ಅದಲುಬದಲು. ಊಟದ ಸಮಯ ಆರಿಸುವಾಗ ಇದು ನೆನಪಿರಬೇಕು. ಚಿಕ್ಕ ಮಕ್ಕಳಿದ್ದವರು ಎರಡನೇ ಪಂಕ್ತಿ ಹಿಡಿದರೆ ಊಟ ಮುಗಿಯುವ ಮೊದಲೇ ಮಗು ಮೇಜಿನ ಮೇಲೆ ಮಲಗಿರುತ್ತದೆ.

ಪ್ರದರ್ಶನಗಳ ಮಟ್ಟ ಹಡಗಿನಿಂದ ಹಡಗಿಗೆ ಬಹಳ ಬೇರೆ. 1999ರಲ್ಲಿ 'ವಾಯೇಜರ್ ಆಫ್ ದಿ ಸೀಸ್' ಸಮುದ್ರದ ಮೇಲೆ ಮೊದಲ ಐಸ್ ಸ್ಕೇಟಿಂಗ್ ಅಂಗಳ ಇಟ್ಟುಕೊಂಡು ಬಂದಾಗ ಜನ ಹುಬ್ಬೇರಿಸಿದ್ದರು. ಈಗ ಐಕಾನ್‌ನಲ್ಲಿ ನೀರಿಗೆ ಎತ್ತರದಿಂದ ಜಿಗಿಯುವ ಪ್ರದರ್ಶನಕ್ಕೆ ಪ್ರತ್ಯೇಕ ಅಕ್ವಾ ಥಿಯೇಟರ್ ಇದೆ, ಮುಖ್ಯ ರಂಗಮಂದಿರದಲ್ಲಿ 'ದಿ ವಿಝರ್ಡ್ ಆಫ್ ಆಝ್' ಸಂಗೀತ ನಾಟಕ ನಡೆಯುತ್ತದೆ. ಇವು ಟಿಕೆಟ್ ದರದಲ್ಲೇ ಸೇರಿವೆ. ಆದರೆ ಆಸನವನ್ನು ಆ್ಯಪ್‌ನಲ್ಲಿ ಮೊದಲೇ ಕಾಯ್ದಿರಿಸದವರು ಬಾಗಿಲ ಬಳಿ ಕಾಯಬೇಕಾಗುತ್ತದೆ. ಭಾರತದ ಹಡಗಿನಲ್ಲಿ ಹಿಂದಿ ಚಿತ್ರಗೀತೆಗಳ ನೃತ್ಯ, ಜಾದೂ, ಹಾಸ್ಯ ಕಾರ್ಯಕ್ರಮ, ಡಿಜೆ ರಾತ್ರಿ ಇವೇ ಮುಖ್ಯ. ಕುಟುಂಬದ ಹಿರಿಯರಿಗೆ ಭಾಷೆಯ ತೊಡಕಿಲ್ಲದೆ ಕೂತು ನೋಡಬಹುದು ಎಂಬುದು ಇದರ ಲಾಭ. ಗದ್ದಲ ಹೆಚ್ಚು ಎಂಬುದು ಅದೇ ಹಿರಿಯರ ತಕರಾರು.

ಗದ್ದಲದಿಂದ ತಪ್ಪಿಸಿಕೊಳ್ಳುವುದು ಟಿಕೆಟ್ ಕೊಳ್ಳುವ ದಿನವೇ ಆಗಬೇಕಾದ ಕೆಲಸ. ಈಜುಕೊಳದ ಡೆಕ್‌ನ ನೇರ ಕೆಳಗಿನ ಕ್ಯಾಬಿನ್‌ನಲ್ಲಿ ಮಧ್ಯರಾತ್ರಿಯವರೆಗೆ ಡಿಜೆ, ಮುಂಜಾನೆ ಕುರ್ಚಿ ಎಳೆಯುವ ಸದ್ದು. ರಂಗಮಂದಿರದ ಮೇಲಿನ ಕ್ಯಾಬಿನ್‌ಗೆ ಡೋಲಿನ ಕಂಪನ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಡೆಕ್ ಆರಿಸಿದರೆ ನಿದ್ದೆ ಬರುತ್ತದೆ. ಅದೂ ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್‌ನಲ್ಲಿ ಇದ್ದರೆ ಓಲಾಟ ಕಡಿಮೆ, ತಲೆಸುತ್ತು, ವಾಂತಿಯೂ ಕಡಿಮೆ. ತೊಟ್ಟಿಲಿನ ನಡುವಿಗಿಂತ ತುದಿ ಹೆಚ್ಚು ತೂಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರದ ಬಾಲ್ಕನಿ ಕ್ಯಾಬಿನ್‌ಗೆ ಹೆಚ್ಚು ಹಣ ಕೊಟ್ಟು ಮೂರು ದಿನ ನಿಂಬೆಹಣ್ಣು ಮೂಸುತ್ತಾ ಮಲಗಿದವರಿಗೆ ಕಡಿಮೆ ಬೆಲೆಯ ಕೆಳಗಿನ ಕ್ಯಾಬಿನ್‌ನ ಬೆಲೆ ಆಮೇಲೆ ತಿಳಿಯುತ್ತದೆ.

ಕ್ಯಾಸಿನೊ, ತೆರಿಗೆರಹಿತ ಅಂಗಡಿಗಳು ಹಡಗು ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಮುಚ್ಚಿರುತ್ತವೆ. ಜಿಮ್, ಮಕ್ಕಳ ಆಟದ ಕೋಣೆ, ಗ್ರಂಥಾಲಯ ಉಚಿತ, ಸ್ಪಾ ದುಬಾರಿ. ಇಂಟರ್ನೆಟ್ ಬೇರೆ ಹಣ. ಅದರಲ್ಲಿ ಮಾತ್ರ ನಿಜವಾದ ಸುಧಾರಣೆಯಾಗಿದೆ. 2022ರಲ್ಲಿ ರಾಯಲ್ ಕೆರಿಬಿಯನ್ ಸ್ಟಾರ್‌ಲಿಂಕ್ ಉಪಗ್ರಹ ಸಂಪರ್ಕ ಅಳವಡಿಸಲು ಮುಂದಾದ ಮೇಲೆ ಇತರ ಕಂಪನಿಗಳೂ ಅದೇ ದಾರಿ ಹಿಡಿದವು. ನಡುಸಮುದ್ರದಿಂದ ಮನೆಗೆ ವಿಡಿಯೊ ಕರೆ ಮಾಡುವುದು ಈಗ ಸಾಧ್ಯ. ಹಡಗು ಹತ್ತಿದ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕದವರಿಗೆ ಮಾತ್ರ ಹಡಗಿನ ಮೊಬೈಲ್ ಜಾಲದ ರೋಮಿಂಗ್ ಬಿಲ್ ಬೇರೆಯೇ ಪಾಠ ಕಲಿಸುತ್ತದೆ.

ಸೇವೆ ಮಾಡುವವರ ಲೆಕ್ಕ

ಕ್ರೂಸ್ ಮುಗಿಸಿ ಬಂದವರು ಊಟ ಮರೆತರೂ ವೇಟರ್‌ನ ಹೆಸರು ಮರೆಯುವುದಿಲ್ಲ. ಆ ಸೇವೆಯ ಹಿಂದಿನ ಹಣದ ಲೆಕ್ಕದ ಕಡೆಗೆ ಮಾತ್ರ ಅನೇಕರ ಗಮನ ಹೋಗುವುದಿಲ್ಲ.

ಅಮೆರಿಕ ಮೂಲದ ದೊಡ್ಡ ಕಂಪನಿಗಳು ಪ್ರತಿ ಪ್ರಯಾಣಿಕರ ಖಾತೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ 'ಗ್ರಾಚ್ಯುಟಿ' ಹಾಕುತ್ತವೆ. ನಮ್ಮಲ್ಲಿ ನಿವೃತ್ತಿಯಾದಾಗ ಸಿಗುವ ಗ್ರಾಚ್ಯುಟಿ ಅಲ್ಲ, ಇದು ಟಿಪ್ಸ್. ದಿನಕ್ಕೆ 18 ಡಾಲರ್ ಎಂದಿಟ್ಟುಕೊಂಡರೂ ಇಬ್ಬರಿಗೆ ಏಳು ರಾತ್ರಿಗೆ 252 ಡಾಲರ್, ಅಂದರೆ ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು. ಟಿಕೆಟ್ ಕೊಳ್ಳುವಾಗ ಕಣ್ಣಿಗೆ ಬೀಳದ ಈ ಮೊತ್ತ ಕೊನೆಯ ದಿನದ ಬಿಲ್‌ನಲ್ಲಿ ಕಾಣುತ್ತದೆ. ಕೆಲವರು ಸರತಿಯಲ್ಲಿ ನಿಂತು ಅದನ್ನು ತೆಗೆಸಿ ಹಾಕುತ್ತಾರೆ. ಅನೇಕ ಕಂಪನಿಗಳಲ್ಲಿ ಅದಕ್ಕೆ ಅವಕಾಶವೂ ಇದೆ.

ಹಾಗೆ ತೆಗೆಸಿದರೆ ಹೊರೆ ಬೀಳುವುದು ಯಾರ ಮೇಲೆ? ಈ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾದಂಥ ದೇಶಗಳ ಧ್ವಜದಡಿ ನೋಂದಣಿಯಾಗಿವೆ. ಕಂಪನಿಯ ಕಚೇರಿ ಅಮೆರಿಕದಲ್ಲಿದ್ದರೂ ಹಡಗಿನ ವೇಟರ್‌ಗೆ ಅಮೆರಿಕದ ಕನಿಷ್ಠ ವೇತನ ಕಾಯ್ದೆ ಅನ್ವಯಿಸುವುದಿಲ್ಲ. ವೇಟರ್, ಕ್ಯಾಬಿನ್ ಸ್ಟೀವರ್ಡ್‌ಗಳ ಗಳಿಕೆಯಲ್ಲಿ ಟಿಪ್ಸ್‌ನ ಪಾಲು ದೊಡ್ಡದು. ಪ್ರಯಾಣಿಕನ ಕಣ್ಣಿಗೆ ಇದು ಹೆಚ್ಚುವರಿ ಬಹುಮಾನ, ಕೆಲಸಗಾರನಿಗೆ ಇದು ಸಂಬಳ. ಕಂಪನಿ ತಾನು ಕೊಡಬೇಕಾದ ವೇತನವನ್ನು ಟಿಕೆಟ್ ದರದಿಂದ ಹೊರಗಿಟ್ಟು ದರ ಅಗ್ಗವೆಂದು ತೋರಿಸುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಆ ಸಿಟ್ಟನ್ನು ಸ್ಟೀವರ್ಡ್‌ನ ಮೇಲೆ ತೀರಿಸಿಕೊಂಡರೆ ಕಂಪನಿಗೇನೂ ತಟ್ಟುವುದಿಲ್ಲ. ಈ ಹಣವನ್ನು ಟಿಕೆಟ್‌ನ ಭಾಗವೆಂದೇ ಮೊದಲೇ ಲೆಕ್ಕಕ್ಕೆ ಹಿಡಿಯುವುದು ಹಳೆಯ ಪ್ರಯಾಣಿಕರ ರೂಢಿ. ಭಾರತದಲ್ಲಿಯೂ ಬಂದರು ಶುಲ್ಕ, ಜಿಎಸ್‌ಟಿ ಮುಂತಾದವು ಪ್ರಕಟಿತ ದರದ ಮೇಲೆ ಸೇರುವುದುಂಟು. ಒಟ್ಟು ಎಷ್ಟು ಎಂದು ಏಜೆಂಟರಿಂದ ಬರಹದಲ್ಲಿ ಪಡೆಯುವುದು ಒಳಿತು.

ಈ ಸಿಬ್ಬಂದಿಯಲ್ಲಿ ಭಾರತೀಯರ ಪಾಲು ದೊಡ್ಡದು: ಗೋವಾ, ಮುಂಬೈ, ಕೇರಳದವರ ಜತೆಗೆ ಮಂಗಳೂರು, ಉಡುಪಿ ಕಡೆಯ ಯುವಕರೂ ಇದ್ದಾರೆ. ಮಣಿಪಾಲ, ಮಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಓದಿದವರಿಗೆ ಹಡಗಿನ ಕೆಲಸ ಒಂದು ಪರಿಚಿತ ದಾರಿ. ಕರಾವಳಿಯ ಅನೇಕ ಮನೆಗಳಲ್ಲಿ 'ಮಗ ಶಿಪ್ಪಿನಲ್ಲಿದ್ದಾನೆ' ಎಂದರೆ ಸರಕು ಹಡಗೇ ಆಗಬೇಕಿಲ್ಲ. ಗುತ್ತಿಗೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟೂ ಕಾಲ ವಾರದ ರಜೆ ಎಂಬುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೆಲಸ, ಪಾಳಿ ತುಂಡುತುಂಡು. ನೀರಿನ ಮಟ್ಟದ ಆಸುಪಾಸಿನ ಡೆಕ್‌ನಲ್ಲಿ ಕಿಟಕಿಯಿಲ್ಲದ, ಹಂಚಿಕೊಂಡ ಕೋಣೆ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು, ಇಲ್ಲವೇ ಕೆಲಸ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು. ಭಾರತ 2015ರಲ್ಲಿ ಇದನ್ನು ಅನುಮೋದಿಸಿದೆ. 'ರಕ್ಷಣೆ' ಎಂದು ಕರೆಯುವ ಮಿತಿಯೇ ವಾರಕ್ಕೆ 72 ಗಂಟೆ ಎಂದರೆ ಆ ಕೆಲಸ ಎಂಥದ್ದೆಂದು ಊಹಿಸಬಹುದು.

ಸೇವೆಯಲ್ಲಿ ಕಡಿತವೂ ಆಗಿದೆ. ಒಂದು ಕಾಲಕ್ಕೆ ಸ್ಟೀವರ್ಡ್ ದಿನಕ್ಕೆ ಎರಡು ಬಾರಿ ಕ್ಯಾಬಿನ್ ಅಣಿಗೊಳಿಸುತ್ತಿದ್ದ. ರಾತ್ರಿ ಮರಳಿದಾಗ ಹಾಸಿಗೆಯ ಮೇಲೆ ಟವೆಲ್‌ನಿಂದ ಮಾಡಿದ ಆನೆಯೋ ಕೋತಿಯೋ ಕೂತಿರುತ್ತಿತ್ತು. 2023ರ ಹೊತ್ತಿಗೆ ಹಲವು ದೊಡ್ಡ ಕಂಪನಿಗಳು ಸಾಮಾನ್ಯ ಕ್ಯಾಬಿನ್‌ಗಳಿಗೆ ಇದನ್ನು ದಿನಕ್ಕೊಮ್ಮೆಗೆ ಇಳಿಸಿದವು. ಟಿಪ್ಸ್ ಮಾತ್ರ ಇಳಿಯಲಿಲ್ಲ.

ಮತ್ತೆ ಮತ್ತೆ ಬರುವವರನ್ನು ಹಿಡಿದಿಡಲು ಕಂಪನಿಗಳು ದರ್ಜೆಗಳನ್ನು ಮಾಡಿವೆ. ರಾಯಲ್ ಕೆರಿಬಿಯನ್‌ನಲ್ಲಿ ಒಂದು ರಾತ್ರಿಗೆ ಒಂದು ಅಂಕ. 80 ಅಂಕಕ್ಕೆ ಡೈಮಂಡ್, 700 ಅಂಕಕ್ಕೆ ಪಿನ್ನಾಕಲ್. ದರ್ಜೆ ಏರಿದಂತೆ ಉಚಿತ ಪಾನೀಯ, ಬಟ್ಟೆ ಒಗೆಯುವ ರಿಯಾಯಿತಿ, ಬೇಗ ಹಡಗು ಹತ್ತುವ ಅವಕಾಶ ಮುಂತಾದವು ಸಿಗುತ್ತವೆ. ಸೂಟ್‌ಗಳಲ್ಲಿ ಅಂಕ ಇಮ್ಮಡಿ. ಆದರೂ 700 ಅಂಕ ಎಂದರೆ ವರ್ಷಗಟ್ಟಲೆ ಸಮುದ್ರವಾಸ. ಭಾರತದಿಂದ ವರ್ಷಕ್ಕೊಮ್ಮೆ ಹೋಗುವವರು ಅಂಕಗಳ ಹಿಂದೆ ಬಿದ್ದು ದುಬಾರಿ ಕಂಪನಿಗೇ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಯಾರೂ ಹೊಗಳದ ಎರಡು ಸೇವೆಗಳು

ಹಡಗು ಹೊರಡುವ ಮೊದಲು ನಡೆಯುವ ಸುರಕ್ಷತಾ ಕವಾಯತನ್ನು ಹೆಚ್ಚಿನವರು ಕಿರಿಕಿರಿ ಎಂದುಕೊಳ್ಳುತ್ತಾರೆ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಬಂಡೆಗೆ ಬಡಿದ 'ಕೋಸ್ಟಾ ಕಾನ್‌ಕಾರ್ಡಿಯಾ'ದಲ್ಲಿ 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ ಪ್ರಯಾಣಿಕರಿಗೆ ಆ ಕವಾಯತು ಆಗಿರಲಿಲ್ಲ. ಆಗಿನ ನಿಯಮದಂತೆ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆ ಬಳಿಕ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡುವುದು ಕಡ್ಡಾಯವಾಯಿತು. ತಮ್ಮ ಜೀವರಕ್ಷಕ ದೋಣಿ ಯಾವ ಕಡೆ ಎಂದು ಒಮ್ಮೆ ನಡೆದು ನೋಡಿ ಬರುವುದಕ್ಕೆ ಐದು ನಿಮಿಷ ಸಾಕು.

ಇನ್ನೊಂದು ಹಡಗಿನ ವೈದ್ಯರು. ಚಿಕಿತ್ಸೆ ಸಿಗುತ್ತದೆ, ಆದರೆ ಟಿಕೆಟ್‌ನಲ್ಲಿ ಸೇರಿಲ್ಲ. ಬಿಲ್ ಡಾಲರ್‌ನಲ್ಲಿ. ಎದೆನೋವು, ಮೂಳೆ ಮುರಿತದಂಥ ಸಂದರ್ಭದಲ್ಲಿ ಹೆಲಿಕಾಪ್ಟರ್‌ನಲ್ಲೋ ದೋಣಿಯಲ್ಲೋ ದಡಕ್ಕೆ ಸಾಗಿಸಬೇಕಾದರೆ ಖರ್ಚು ಪ್ರವಾಸದ ಖರ್ಚಿನ ಹಲವು ಪಟ್ಟು ಆಗಬಹುದು. ಭಾರತದ ಮಾಮೂಲಿ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ವಿದೇಶದ ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಪ್ರವಾಸ ವಿಮೆ ಕೊಳ್ಳುವಾಗ ಕ್ರೂಸ್ ಮತ್ತು ತುರ್ತು ಸ್ಥಳಾಂತರ ಸೇರಿದೆಯೇ, ಮೊದಲೇ ಇರುವ ರಕ್ತದೊತ್ತಡ, ಮಧುಮೇಹಕ್ಕೆ ಅನ್ವಯಿಸುತ್ತದೆಯೇ ಎಂದು ನೋಡಬೇಕು. ಅಪ್ಪ ಅಮ್ಮನನ್ನು ಕರೆದೊಯ್ಯುವವರು ಬಾಲ್ಕನಿ ಕ್ಯಾಬಿನ್‌ಗೆ ಕೊಡುವ ಹೆಚ್ಚಿನ ಹಣವನ್ನು ಇದಕ್ಕೆ ಕೊಟ್ಟರೆ ಹೆಚ್ಚು ಉಪಯೋಗ. ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸ್‌ನಲ್ಲಿ ಹಾಕಬಾರದು. ಹತ್ತುವ ದಿನ ಅದು ಕ್ಯಾಬಿನ್ ತಲುಪುವಾಗ ರಾತ್ರಿಯೂ ಆಗಬಹುದು.

ಬಂದರುಗಳ ಬಗ್ಗೆಯೂ ಒಂದು ಮಾತು. ಹವಾಮಾನ ಕೆಟ್ಟರೆ ಯಾವುದೇ ನಿಲುಗಡೆ ಕೈಬಿಡುವ ಹಕ್ಕು ಕ್ಯಾಪ್ಟನ್‌ಗೆ ಇದೆ, ಟಿಕೆಟ್‌ನ ಷರತ್ತುಗಳಲ್ಲೇ ಅದು ಬರೆದಿರುತ್ತದೆ. ಲಕ್ಷದ್ವೀಪದಂಥಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವಂತಿಲ್ಲ. ದೂರ ನಿಂತು ಚಿಕ್ಕ ದೋಣಿಗಳಲ್ಲಿ ಜನರನ್ನು ಕಳಿಸುತ್ತಾರೆ. ಅಲೆ ಜೋರಾದರೆ ಅದು ರದ್ದು. ದೋಣಿಗೆ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಸುಲಭವೂ ಅಲ್ಲ. ನವಮಂಗಳೂರು ಬಂದರಿನಂಥ ಕಡೆ ಹಡಗು ನೇರ ಧಕ್ಕೆಗೇ ಬರುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಬರುವ ವಿದೇಶಿ ಪ್ರವಾಸಿಗರು ಬೆಳಿಗ್ಗೆ ಇಳಿದು ಕದ್ರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಮರಳುತ್ತಾರೆ.

ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಹೊರಗಿಡಬೇಕು, ಬೆಳಿಗ್ಗೆ ಬೇಗ ಕೋಣೆ ಬಿಡಬೇಕು. ಆ ಗಡಿಬಿಡಿಯಲ್ಲಿ ಸ್ಟೀವರ್ಡ್ ಸಿಗುವುದಿಲ್ಲ. ಅವನಿಗೆ ಕೈಯಾರೆ ಏನಾದರೂ ಕೊಡಬೇಕೆಂದಿದ್ದವರು ಹಿಂದಿನ ಸಂಜೆಯೇ ಕೊಟ್ಟುಬಿಡುತ್ತಾರೆ. ಪ್ರವಾಸ ಮುಗಿದ ಮೇಲೆ ಕಂಪನಿ ಕಳಿಸುವ ಅಭಿಪ್ರಾಯ ಪತ್ರದಲ್ಲಿ ವೇಟರ್, ಸ್ಟೀವರ್ಡ್ ಹೆಸರನ್ನು ತಪ್ಪಿಲ್ಲದೆ ಬರೆಯುವುದೂ ಹಳಬರ ಅಭ್ಯಾಸ. ಮುಂದಿನ ಗುತ್ತಿಗೆ, ಬಡ್ತಿಗೆ ಆ ಹೆಸರುಗಳು ನೆರವಾಗುತ್ತವೆ. ಪ್ರಯಾಣಿಕರು ಇಳಿದ ಕೆಲವೇ ಗಂಟೆಗಳಲ್ಲಿ, ಅಂದೇ ಮಧ್ಯಾಹ್ನ, ಅದೇ ಕ್ಯಾಬಿನ್‌ಗೆ ಹೊಸಬರು ಬರುತ್ತಾರೆ. ಅಷ್ಟರೊಳಗೆ ಅವನು ತನ್ನ ಪಾಲಿನ ಅಷ್ಟೂ ಕೋಣೆಗಳ ಹಾಸಿಗೆ ಬದಲಿಸಿ ಮುಗಿಸಿರಬೇಕು.